ಟ್ರ್ಯಾಕ್ಟರಿಗೆ ಬ್ಯಾಕ್‌ಹೋ ಕಟ್ಟಿಸುವುದೋ, ಮಿನಿ ಹಿಟಾಚಿ ತರುವುದೋ?

ಮಣ್ಣು ತೋಡುವ ಸಣ್ಣ ಯಂತ್ರಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬ್ಯಾಕ್‌ಹೋ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟುವ, ಬಕೆಟ್ಟಿನಿಂದ ಮಣ್ಣು ತೋಡುವ ಕೈ. ಮಿನಿ ಹಿಟಾಚಿ (ಮುಂದೆ ಬರೀ ‘ಮಿನಿ’) ಅಂದರೆ ಬೆಲ್ಟಿನ ಮೇಲೆ ತಾನೇ ಓಡುವ ಸಣ್ಣ ತೋಡುವ ಯಂತ್ರ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಉಳಿದವರ ಅರ್ಧ ಅನುಮಾನ ಅಲ್ಲೇ ತೀರಬಹುದು.

ಪ್ರಶ್ನೆ: ಆರು ಎಕರೆ ಅಡಿಕೆ ತೋಟ, 9 ಅಡಿ ಅಂತರ. ಮನೆಯಲ್ಲಿ 47 ಎಚ್‌ಪಿ ಟ್ರ್ಯಾಕ್ಟರ್ ಇದೆ. ಬಸಿಗಾಲುವೆ ಎತ್ತಿಸುವುದು, ಪೈಪ್‌ಲೈನ್, ಬೇಲಿ ಸಾಲಿನ ಅಗಳು, ಸತ್ತ ಮರದ ಬುಡ ಕೀಳುವುದು ಎಲ್ಲ ಸೇರಿ ವರ್ಷಕ್ಕೆ ಸುಮಾರು 120 ಗಂಟೆ ಕೆಲಸ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಬ್ಯಾಕ್‌ಹೋಗೆ 5 ಲಕ್ಷ, 1.7 ಟನ್ನಿನ ಮಿನಿ ಹಿಟಾಚಿಗೆ 20 ಲಕ್ಷ ಹೇಳಿದ್ದಾರೆ. ನಮ್ಮಲ್ಲಿ ಮಿನಿ ಬಾಡಿಗೆ ಗಂಟೆಗೆ 1,100 ರೂಪಾಯಿ. ‘ಟ್ರ್ಯಾಕ್ಟರ್ ಹೇಗೂ ಇದೆಯಲ್ಲ, ಬ್ಯಾಕ್‌ಹೋ ಸಾಕು’ ಅನ್ನುತ್ತಾರೆ ಡೀಲರ್. ತಮ್ಮ ಮಿನಿಯೇ ಆಗಬೇಕು ಅನ್ನುತ್ತಾನೆ. ಯಾರ ಮಾತು ಕೇಳಲಿ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತೋಟಕ್ಕೆ ಯಾವ ಯಂತ್ರ ಇಳಿಯಬೇಕು ಎಂಬುದರಲ್ಲಿ ನಿಮ್ಮ ತಮ್ಮ ಹೇಳಿದ್ದು ಸರಿ. ಕೊಳ್ಳಬೇಕೋ ಬೇಡವೋ ಎಂಬುದು ಬೇರೆಯೇ ಲೆಕ್ಕ.

ಮೊದಲು ಅಳತೆ ನೋಡಿ. 9 ಅಡಿ ಅಂದರೆ ಮರದಿಂದ ಮರಕ್ಕೆ 2.7 ಮೀಟರ್. 45–50 ಎಚ್‌ಪಿ ಟ್ರ್ಯಾಕ್ಟರಿನ ಅಗಲ 1.7ರಿಂದ 1.9 ಮೀಟರ್. ಸಾಲಿನೊಳಗೆ ಹೇಗೋ ನುಗ್ಗುತ್ತದೆ, ಆದರೆ ಬ್ಯಾಕ್‌ಹೋ ಕೆಲಸ ಮಾಡಬೇಕಾದರೆ ಎರಡೂ ಕಡೆಯ ಕಾಲು ಬಿಚ್ಚಿ ನೆಲಕ್ಕೆ ಊರಬೇಕು. ಕಾಲು ಬಿಚ್ಚಿದ ಮೇಲೆ ಎರಡೂ ಪಕ್ಕ ಉಳಿಯುವುದು ಗೇಣುದ್ದದ ಜಾಗ. ತೋಡಿದ ಮಣ್ಣು ಸುರಿಯಲು ಬೂಮ್ (ಬಕೆಟ್ ಹೊತ್ತ ಉದ್ದ ಕೈ) ಎಡಕ್ಕೋ ಬಲಕ್ಕೋ ಹೊರಳಲೇಬೇಕು. ಹೊರಳಿದ ಕಡೆಯೆಲ್ಲ ಮರ. ಅಡಿಕೆ ಮರದ ಕಾಂಡಕ್ಕೆ ಬಕೆಟ್ ಒಮ್ಮೆ ತಾಗಿದರೆ ಆ ಗಾಯ ಮಾಯುವುದಿಲ್ಲ. ತೆಂಗು, ಅಡಿಕೆಯಂಥ ಮರಗಳಿಗೆ ತೊಗಟೆ ಮತ್ತೆ ಬೆಳೆದು ಗಾಯ ಮುಚ್ಚುವ ಗುಣ ಇಲ್ಲ. ಅಲ್ಲಿಂದ ನೀರು ಇಳಿದು ಕಾಂಡ ಕೊಳೆಯುತ್ತದೆ.

ಇನ್ನು ತೂಕ. ಟ್ರ್ಯಾಕ್ಟರ್ ಎರಡು ಟನ್ನಿಗೆ ಮೇಲೆ. ಬ್ಯಾಕ್‌ಹೋ, ಅದನ್ನು ಹೊರುವ ಚಾಸಿ (ಉಕ್ಕಿನ ಚೌಕಟ್ಟು), ಎಣ್ಣೆ ಟ್ಯಾಂಕ್ ಸೇರಿ ಮತ್ತೆ ಮುಕ್ಕಾಲರಿಂದ ಒಂದು ಟನ್. ಇದರ ಬಹುಪಾಲು ಹಿಂದಿನ ಎರಡು ಟೈರಿನ ಮೇಲೆ ಕೂರುತ್ತದೆ. 1.7 ಟನ್ನಿನ ಮಿನಿಯ ತೂಕ ಎರಡು ರಬ್ಬರ್ ಬೆಲ್ಟಿನ ಉದ್ದಕ್ಕೂ ಹರಡಿ, ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂ.ಮೀ.ಗೆ ಸುಮಾರು 0.3 ಕೆ.ಜಿ. ಅಷ್ಟೇ. ಟೈರಿನಡಿ ಅದರ ಮೂರ‍್ನಾಲ್ಕು ಪಟ್ಟು. ಅಡಿಕೆಯ ಬೇರು ಬಹುತೇಕ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುವುದರಿಂದ, ಹಸಿ ನೆಲದಲ್ಲಿ ಟ್ರ್ಯಾಕ್ಟರ್ ಓಡಾಡಿದ ಸಾಲು ಮುಂದಿನ ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ. ಬಸಿಗಾಲುವೆ ತೆಗೆಯಲು ಹೋಗಿ ಹೊಸ ಜೌಗು ಮಾಡಿಕೊಂಡಂತೆ.

1.7 ಟನ್ ವರ್ಗದ ಮಿನಿಗಳಲ್ಲಿ ಬೆಲ್ಟಿನ ಅಗಲ ಕುಗ್ಗಿಸಿದಾಗ ಸುಮಾರು 1 ಮೀಟರ್, ಹಿಗ್ಗಿಸಿದಾಗ 1.25 ಮೀಟರ್. ತೋಡುವ ಆಳ 2.2–2.3 ಮೀಟರ್, ಅಂದರೆ ಏಳೂವರೆ ಅಡಿ; ತೋಟದ ಕೆಲಸಕ್ಕೆ ಧಾರಾಳ. ಒಂದು ಸಂಗತಿ ಮಾತ್ರ ಕೇಳಿಯೇ ತಿಳಿದುಕೊಳ್ಳಿ: ಬೂಮ್ ಬುಡದಲ್ಲೇ ಪಕ್ಕಕ್ಕೆ ವಾಲುತ್ತದೆಯೇ? ಅದಿದ್ದರೆ ಯಂತ್ರ ಬದುವಿನ ಮೇಲೆ ನೇರ ನಿಂತು, ಬೂಮನ್ನು ಒಂದು ಪಕ್ಕಕ್ಕೆ ಸರಿಸಿ, ಕಾಲುವೆಗೆ ಸಮಾನಾಂತರವಾಗಿ ಎಳೆಯುತ್ತಾ ಹಿಂದೆ ಸರಿಯಬಹುದು. ಕಾಲುವೆಯ ಎರಡೂ ದಡಕ್ಕೆ ಬೆಲ್ಟ್ ಇಟ್ಟು ನಡುವೆ ತೋಡುವ ಆಪರೇಟರ್‌ಗಳೂ ಇದ್ದಾರೆ. ಬೇಡ ಅನ್ನಿ. ದಡ ಕುಸಿದರೆ ಯಂತ್ರ ಹೊಟ್ಟೆ ಮೇಲೆ ಕೂರುತ್ತದೆ, ಎತ್ತಲು ಇನ್ನೊಂದು ಯಂತ್ರ ಬೇಕು.

ಎರಡು ಸಾಲಿನ ನಟ್ಟನಡುವೆ ಕಾಲುವೆ ಇದ್ದರೆ ಅದರ ನಡುಗೆರೆ ಮರದಿಂದ 1.35 ಮೀಟರ್ ದೂರ. ಕಾಲುವೆ 60 ಸೆಂ.ಮೀ. ಅಗಲವಿದ್ದರೆ ಅಂಚು ಮರದಿಂದ 1.05 ಮೀಟರಿನಲ್ಲಿರುತ್ತದೆ, ಬೇರಿಗೆ ದೊಡ್ಡ ಪೆಟ್ಟಿಲ್ಲ. ಮೂರು ಅಡಿ ಬಕೆಟ್ಟಿನಲ್ಲಿ ಎಳೆಸಿದರೆ ಆ ಅಂತರ 90 ಸೆಂ.ಮೀ.ಗೆ ಇಳಿಯುತ್ತದೆ. ಹಾಗಾಗಿ ಬಾಡಿಗೆ ಯಂತ್ರ ಬರುವ ಮುಂಚೆ ಯಾವ ಬಕೆಟ್ ತರುತ್ತಾರೆಂದು ವಿಚಾರಿಸಿ: ಪೈಪಿಗೆ ಒಂದು ಅಡಿಯದು, ಹಲ್ಲಿರುವಂಥದ್ದು, ಹಳೆ ಕಾಲುವೆಯ ಹೂಳು ಎತ್ತಲು ಎರಡು ಅಡಿಯದು, ಹಲ್ಲಿಲ್ಲದ ಬೋಳು ಅಂಚಿನದು. ಹಲ್ಲಿನ ಬಕೆಟ್ ಕಾಲುವೆಯ ತಳ ಗೀರುತ್ತದೆ, ಗೀರಿದ ತಳ ಮೊದಲ ಮಳೆಗೇ ಕೊರೆಯಲು ಶುರು.

ಬಕೆಟ್ಟಿನ ಅಗಲ ದುಡ್ಡಿನ ವಿಷಯವೂ ಹೌದು. 100 ಮೀಟರ್ ಪೈಪ್‌ಲೈನಿಗೆ 1 ಮೀಟರ್ ಆಳ, 30 ಸೆಂ.ಮೀ. ಅಗಲ ಸಾಕು: 30 ಘನ ಮೀಟರ್ ಮಣ್ಣು. ಅದೇ ಜಾಗಕ್ಕೆ ಜೆಸಿಬಿ ಕರೆಸಿ ಎರಡು ಅಡಿ ಬಕೆಟ್ಟಿನಲ್ಲಿ ತೋಡಿಸಿದರೆ 60 ಘನ ಮೀಟರ್, ತೋಡಿದಷ್ಟನ್ನು ಮತ್ತೆ ಮುಚ್ಚಲೂಬೇಕು. ಜೆಸಿಬಿ ಬೇಗ ಮುಗಿಸಿತು ಎಂದು ಕಾಣುವುದು ತೋಡುವಾಗ ಮಾತ್ರ.

ಈಗ ಹಣ. ಮಿನಿಗೆ 20 ಲಕ್ಷ ಹಾಕಿದರೆ ಹೂಡಿಕೆಗೆ ಶೇ. 10ರಂತೆ ವರ್ಷಕ್ಕೆ 2 ಲಕ್ಷ. ಹತ್ತು ವರ್ಷ ಬಿಟ್ಟು 8 ಲಕ್ಷಕ್ಕೆ ಹೋಗುತ್ತದೆಂದು ಹಿಡಿದರೆ ಸವಕಳಿ 1.2 ಲಕ್ಷ, ಇನ್ಶೂರೆನ್ಸ್, ಸರ್ವಿಸ್, ಬೆಲ್ಟಿಗೆ ಎತ್ತಿಡುವ ಹಣ 60 ಸಾವಿರ. ಯಂತ್ರ ಶೆಡ್ಡಿನಲ್ಲಿ ನಿಂತರೂ 3.8 ಲಕ್ಷ. ಓಡಿಸಿದರೆ ಗಂಟೆಗೆ ಎರಡೂವರೆ ಲೀಟರ್ ಡೀಸೆಲ್, ಆಪರೇಟರ್ ಕೂಲಿ ಸೇರಿ 400 ರೂಪಾಯಿ ಹಿಡಿಯಿರಿ. 1,100ರ ಬಾಡಿಗೆಯಲ್ಲಿ ಉಳಿಯುವುದು 700. 3.8 ಲಕ್ಷವನ್ನು 700ರಿಂದ ಭಾಗಿಸಿ: ವರ್ಷಕ್ಕೆ 540 ಗಂಟೆ ಓಡಿದರೆ ಮಾತ್ರ ಸ್ವಂತದ್ದು ಸರಿದೂಗುತ್ತದೆ. ಬ್ಯಾಕ್‌ಹೋಗೆ ಇದೇ ಲೆಕ್ಕ: ಬಡ್ಡಿ 50 ಸಾವಿರ, ಸವಕಳಿ 50 ಸಾವಿರ, ಹೋಸ್ ಪೈಪ್, ಪಿನ್, ಎಣ್ಣೆಗೆ 25 ಸಾವಿರ, ಓಡಿಸುವ ಖರ್ಚು ಗಂಟೆಗೆ 625. ಸರಿದೂಗಲು 260 ಗಂಟೆ. ಅದೂ ಮಿನಿಯಷ್ಟೇ ಕೆಲಸ ಕೊಟ್ಟರೆ, ನಿಮ್ಮ ತೋಟದಲ್ಲಿ ಅದು ಕೊಡುವುದಿಲ್ಲ.

ನಿಮ್ಮ 120 ಗಂಟೆಗೆ ಬಾಡಿಗೆ 1.32 ಲಕ್ಷ. ಸ್ವಂತ ಬ್ಯಾಕ್‌ಹೋಗೆ 2 ಲಕ್ಷ, ಸ್ವಂತ ಮಿನಿಗೆ 4.28 ಲಕ್ಷ. ‘ಬೇಕಾದಾಗ ಬಾಡಿಗೆ ಯಂತ್ರ ಸಿಗುವುದಿಲ್ಲ’ ಎಂಬ ದೂರು ನಿಜ. ಏಪ್ರಿಲ್–ಮೇನಲ್ಲಿ ಎಲ್ಲರೂ ಒಟ್ಟಿಗೆ ಕರೆಯುತ್ತಾರೆ. ಕೊಯ್ಲು ಮುಗಿದು ನೆಲ ಆರಿದ ಜನವರಿ–ಫೆಬ್ರುವರಿಗೇ ಮಾತಾಡಿಕೊಳ್ಳಿ. ಅಕ್ಕಪಕ್ಕದ ಐದು ಮನೆಯವರು ಕೂಡಿ 600 ಗಂಟೆಯ ಕೆಲಸ ಇದೆಯೆಂದು ಬರೆದು ಲೆಕ್ಕ ಹಾಕಿದರೆ ಆಗ ಮಿನಿ ಕೊಳ್ಳುವ ಮಾತಾಡಬಹುದು. ಹಾಗೆ ಕೂಡಿ ಕೊಂಡರೆ ಆಪರೇಟರ್ ಒಬ್ಬನೇ ಇರಲಿ. ಐದು ಕೈ ಆಡಿದ ಯಂತ್ರದ ಪಿನ್, ಬುಶ್ ಯಾರ ಕಾಲದಲ್ಲಿ ಸವೆಯಿತೆಂದು ಹೇಳುವವರೇ ಇರುವುದಿಲ್ಲ.

ಪ್ರಶ್ನೆ: ಹನ್ನೆರಡು ಎಕರೆ ತೆಂಗು, 30 ಅಡಿ ಅಂತರ. ಹಳೆ ಮರ ತೆಗೆದು ಮರುನಾಟಿ ಮಾಡಬೇಕು. ಗುಂಡಿ 3 ಅಡಿ ಉದ್ದ, ಅಗಲ, ಆಳ. ಗೊಬ್ಬರ ತುಂಬುವುದೂ ಇದೆ. 50 ಎಚ್‌ಪಿ ಟ್ರ್ಯಾಕ್ಟರಿಗೆ ಬ್ಯಾಕ್‌ಹೋ ಸಾಲುತ್ತದೆಯೇ? ಎಚ್‌ಪಿ ಕಡಿಮೆ ಆಯಿತು ಅನ್ನುವವರಿದ್ದಾರೆ.
— ತಿಪಟೂರು ತಾಲ್ಲೂಕು

ಉತ್ತರ: ಸಾಲುತ್ತದೆ. ನಿಮ್ಮಂಥ ತೋಟವೇ ಬ್ಯಾಕ್‌ಹೋಗೆ ಹೇಳಿ ಮಾಡಿಸಿದ ಜಾಗ: ಅಂತರ ದೊಡ್ಡದು, ನೆಲ ಸಮ, ಗುಂಡಿಯಿಂದ ಗುಂಡಿಗೆ ಟೈರಿನ ಮೇಲೆ ಬೇಗ ಹೋಗಬಹುದು. ಮುಂದೆ ಲೋಡರ್ ಬಕೆಟ್ಟೂ ಇರುವ ಜೋಡಿ ತೆಗೆದುಕೊಂಡರೆ ಗೊಬ್ಬರ, ಕೆರೆಮಣ್ಣು ತುಂಬುವ ಕೆಲಸ ಅದರಲ್ಲೇ ಆಗುತ್ತದೆ. ಮಿನಿಗೆ ಇದು ಬಾರದು.

ಎಚ್‌ಪಿ ಮಾತು ಬಿಡಿ. ಪಂಪು ನಿಮಿಷಕ್ಕೆ 45 ಲೀಟರ್ ಎಣ್ಣೆಯನ್ನು 150 ಬಾರ್ ಒತ್ತಡದಲ್ಲಿ ಕೊಟ್ಟರೆ (45ನ್ನು 150ರಿಂದ ಗುಣಿಸಿ 600ರಿಂದ ಭಾಗಿಸಿ) ತಗಲುವ ಶಕ್ತಿ 11 ಕಿಲೋವ್ಯಾಟ್, ಅಂದರೆ 15 ಎಚ್‌ಪಿ. ನಷ್ಟ ಸೇರಿಸಿದರೂ 20. ಎಂಜಿನ್ ಎಂದೂ ಸೋಲುವುದಿಲ್ಲ. ಸೋಲುವುದು ಟ್ರ್ಯಾಕ್ಟರಿನ ಬೆನ್ನು. ಅದರ ಮಾತು ಮುಂದಿನ ಉತ್ತರದಲ್ಲಿದೆ.

3 ಅಡಿ ಗುಂಡಿಯಲ್ಲಿ ಮಣ್ಣು ಮುಕ್ಕಾಲು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. 0.1 ಘನ ಮೀಟರ್ ಬಕೆಟ್ಟಿನಲ್ಲಿ ಎಂಟು-ಹತ್ತು ಸಲ ಎತ್ತಿದರೆ ನಾಲ್ಕು ನಿಮಿಷ. ಕಾಲು ಎತ್ತಿ, ಸೀಟು ಬದಲಿಸಿ, ಮುಂದೆ ಸರಿದು ಮತ್ತೆ ಕಾಲೂರಲು ಇನ್ನೂ ಮೂರು ನಿಮಿಷ. ಕೆಂಪು ಮಣ್ಣಿನಲ್ಲಿ ಗಂಟೆಗೆ ಏಳೆಂಟು ಗುಂಡಿ ಲೆಕ್ಕ ಹಿಡಿಯಿರಿ. ಕೆಳಗೆ ಗರಸು ಸಿಕ್ಕರೆ ಅರ್ಧ.

ಹಳೆ ಮರದ ಬುಡ ಕೀಳುವಾಗಲೇ ಬ್ಯಾಕ್‌ಹೋ ಹಾಳಾಗುವುದು. ತೆಂಗಿಗೆ ತಾಯಿಬೇರಿಲ್ಲ, ಸಾವಿರಾರು ಎಳೆಬೇರು ಸುತ್ತ ಹಿಡಿದಿರುತ್ತವೆ. ಬುಡದಿಂದ ಎರಡು ಅಡಿ ಬಿಟ್ಟು ಮೂರು ಕಡೆ ಎರಡೂವರೆ ಅಡಿ ಆಳಕ್ಕೆ ಕಡಿದು, ನಾಲ್ಕನೆಯ ಕಡೆಯಿಂದ ಬಕೆಟ್ ಬುಡದಡಿಗೆ ಹೂಡಿ ಮೀಟಿದರೆ ಬರುತ್ತದೆ. ಆತುರಕ್ಕೆ ಬೂಮನ್ನು ಪಕ್ಕಕ್ಕೆ ಬೀಸಿ ಬುಡಕ್ಕೆ ಗುದ್ದಿಸಬೇಡಿ. ಬೂಮ್ ಹೊರಳಿಸುವ ಸಿಲಿಂಡರುಗಳು ಇರುವುದು ಖಾಲಿ–ತುಂಬಿದ ಬಕೆಟ್ ತಿರುಗಿಸಲಿಕ್ಕೆ. ಗುದ್ದಿಸಿದರೆ ರಾಡ್ ಬಗ್ಗುತ್ತದೆ, ಹೊರಳುವ ಬುಡದ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ.

ಪ್ರಶ್ನೆ: ಮೂರು ಪಾಯಿಂಟ್ ಲಿಂಕೇಜಿಗೆ (ನೇಗಿಲು ಸಿಕ್ಕಿಸುವ ಹಿಂದಿನ ಮೂರು ಕೊಂಡಿಗೆ) ಸಿಕ್ಕಿಸುವ ಬ್ಯಾಕ್‌ಹೋ ಅಗ್ಗಕ್ಕೆ ಸಿಗುತ್ತಿದೆ. ಚಾಸಿ ಕಟ್ಟಿಸಿ ಕೂರಿಸುವುದಕ್ಕೆ ಇನ್ನೂ ಒಂದೂವರೆ ಲಕ್ಷ ಕೇಳುತ್ತಾರೆ. ನಿಜಕ್ಕೂ ಬೇಕೇ?
— ಹಾನಗಲ್ಲ ತಾಲ್ಲೂಕು

ಉತ್ತರ: ಬೇಕು. ಇದರಲ್ಲಿ ಚೌಕಾಸಿ ಬೇಡ.

ಟ್ರ್ಯಾಕ್ಟರಿಗೆ ಲಾರಿಯಂತೆ ಬೇರೆ ಚಾಸಿ ಇಲ್ಲ. ಎಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್, ಹಿಂದಿನ ಆಕ್ಸಲ್ ಹೌಸಿಂಗ್ ಇವನ್ನೇ ಒಂದರ ಹಿಂದೊಂದು ಬೋಲ್ಟು ಹಾಕಿ ಜೋಡಿಸಿದ ಎರಕದ ಕಬ್ಬಿಣ. ನೇಗಿಲು ಎಳೆಯುವಾಗ ಬರುವ ಜಗ್ಗಾಟಕ್ಕೆ ಅದು ಸಿದ್ಧ. ಬ್ಯಾಕ್‌ಹೋ ಮಾಡುವುದೇ ಬೇರೆ: ಬಕೆಟ್ ಬಂಡೆಗೆ ಸಿಕ್ಕಿದಾಗ ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೂ ಕೆಳಕ್ಕೂ ಮುರಿಯುವಂತೆ ಒತ್ತುತ್ತದೆ, ದಿನಕ್ಕೆ ನೂರಾರು ಸಲ. ಮೊದಲು ಕ್ಲಚ್ ಹೌಸಿಂಗಿನ ಬೋಲ್ಟು ಸಡಿಲಾಗಿ ಎಣ್ಣೆ ಜಿನುಗುತ್ತದೆ, ಆಮೇಲೆ ಹೌಸಿಂಗ್ ಬಿರುಕು. ಅದನ್ನು ಬದಲಿಸಲು ಟ್ರ್ಯಾಕ್ಟರನ್ನು ನಡು ಸೀಳಬೇಕು. ನೀವು ಉಳಿಸಿದ ಹಣದಲ್ಲಿ ದೊಡ್ಡ ಪಾಲು ಅಲ್ಲಿಗೆ ಹೋಯಿತು.

ಅದಕ್ಕಿಂತ ಕೆಟ್ಟದ್ದು ಅಪಾಯ. ಮೂರು ಪಾಯಿಂಟಿಗೆ ಸಿಕ್ಕಿಸಿದ ಬ್ಯಾಕ್‌ಹೋ ಕೆಳಗಿನ ಎರಡು ಪಿನ್ನುಗಳ ಮೇಲೆ ಮಡಚಿಕೊಳ್ಳಬಲ್ಲದು. ಬಕೆಟ್ ಗಟ್ಟಿ ನೆಲಕ್ಕೆ ಊರಿ ಬೂಮ್ ಕೆಳಕ್ಕೆ ಒತ್ತಿದಾಗ ಟಾಪ್ ಲಿಂಕ್ (ಮೇಲಿನ ಕೊಂಡಿ) ಬಗ್ಗಿದರೆ ಅಥವಾ ಪಿನ್ ಕಿತ್ತರೆ, ಇಡೀ ಸಾಧನ ಮೇಲೆದ್ದು ಅದರ ಸೀಟಿನಲ್ಲಿ ಕೂತವನನ್ನು ಟ್ರ್ಯಾಕ್ಟರಿನ ಮಡ್‌ಗಾರ್ಡಿಗೆ ಅದುಮುತ್ತದೆ.

ಚಾಸಿ ಮಾಡಿಸುವಾಗ ನೋಡಬೇಕಾದ್ದು: ಅದು ಹಿಂದಿನ ಆಕ್ಸಲ್ ಹೌಸಿಂಗಿನಿಂದ ಹಿಡಿದು ಮುಂದಿನ ಆಕ್ಸಲ್ ಬ್ರಾಕೆಟ್‌ವರೆಗೆ ಒಂದೇ ಉದ್ದಕ್ಕೆ ಬರಬೇಕು. ಹಿಂದೆ ಮಾತ್ರ ಹಿಡಿದು ನಡುವಿಗೇ ನಿಲ್ಲಿಸಿದ ತುಂಡು ಚಾಸಿ ಕ್ಲಚ್ ಹೌಸಿಂಗನ್ನು ಕಾಪಾಡುವುದಿಲ್ಲ. ಟ್ರ್ಯಾಕ್ಟರಿನ ಎರಕದ ಭಾಗಕ್ಕೆ ವೆಲ್ಡಿಂಗ್ ಮುಟ್ಟಿಸಕೂಡದು. ಕಂಪನಿ ಬಿಟ್ಟಿರುವ ತೂತುಗಳಿಗೇ ಬೋಲ್ಟು, ಅದೂ 10.9 ದರ್ಜೆಯದು. ಮೊದಲ ಎಂಟು-ಹತ್ತು ಗಂಟೆ ಓಡಿದ ಮೇಲೆ ಎಲ್ಲ ಬೋಲ್ಟನ್ನೂ ಟಾರ್ಕ್ ಪಾನಾದಲ್ಲಿ ಮತ್ತೆ ಬಿಗಿಯಬೇಕು. ಬಿಗಿದ ಮೇಲೆ ಪ್ರತಿ ಬೋಲ್ಟಿನ ತಲೆಯಿಂದ ಚಾಸಿಗೆ ಬಣ್ಣದ ಒಂದು ಗೆರೆ ಎಳೆದುಬಿಡಿ. ಮುಂದೆ ಯಾವುದು ತಿರುಗಿದರೂ ಗೆರೆ ಮುರಿದು ಕಾಣುತ್ತದೆ, ದಿನಾ ಬೆಳಿಗ್ಗೆ ಪಾನಾ ಹಿಡಿಯುವುದು ತಪ್ಪುತ್ತದೆ. ಇಷ್ಟೆಲ್ಲ ಮಾಡುವ ಮುಂಚೆ ಟ್ರ್ಯಾಕ್ಟರ್ ವಾರಂಟಿಯಲ್ಲಿದ್ದರೆ, ಚಾಸಿ ಕಟ್ಟಿಸಿದ ಮೇಲೂ ಅದು ಉಳಿಯುತ್ತದೆಯೇ ಎಂದು ಡೀಲರ್ ಕೈಯಲ್ಲಿ ಬರೆಸಿಕೊಳ್ಳಿ.

ಪ್ರಶ್ನೆ: ಪಿಟಿಒ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್) ಓಡಿಸುವ ಪಂಪಿನ ಬ್ಯಾಕ್‌ಹೋ. ಬೆಳಿಗ್ಗೆ ಚೆನ್ನಾಗಿ ಎಳೆಯುತ್ತದೆ, ಒಂದು ಗಂಟೆ ಆಗುತ್ತಲೇ ಬಕೆಟ್ ಸೋಲುತ್ತದೆ. ಮೆಕ್ಯಾನಿಕ್ ಪಂಪು ಬದಲಿಸಿ ಅನ್ನುತ್ತಿದ್ದಾನೆ.
— ಕೊಳ್ಳೇಗಾಲ ತಾಲ್ಲೂಕು

ಉತ್ತರ: ಪಂಪಿಗೆ ಕೈಹಾಕುವ ಮುಂಚೆ ಎಣ್ಣೆ ಎಷ್ಟು ಕಾಯುತ್ತಿದೆ ನೋಡಿ. ಸೋಲು ಶುರುವಾದಾಗ ಟ್ಯಾಂಕಿನ ಹೊರಮೈಗೆ ಟೆಂಪರೇಚರ್ ಗನ್ ಹಿಡಿಯಿರಿ. 60–65 ಡಿಗ್ರಿ ಇದ್ದರೆ ಸರಿ. 80 ದಾಟಿದ್ದರೆ ಎಣ್ಣೆ ತೆಳುವಾಗಿ ಪಂಪಿನೊಳಗೇ, ಸೀಲುಗಳ ಪಕ್ಕದಲ್ಲೇ ಜಾರಿ ಹೋಗುತ್ತಿದೆ.

ಕಾಯಲು ಸಾಮಾನ್ಯ ಕಾರಣ ಸಣ್ಣ ಟ್ಯಾಂಕು. ಕೂಲರ್ ಇಲ್ಲದಿದ್ದರೆ ಪಂಪು ಒಂದು ನಿಮಿಷಕ್ಕೆ ಕೊಡುವ ಎಣ್ಣೆಯ ಎರಡು-ಮೂರು ಪಟ್ಟು ಟ್ಯಾಂಕಿನಲ್ಲಿರಬೇಕು. 45 ಲೀಟರಿನ ಪಂಪಿಗೆ 90 ಲೀಟರ್ ಕಡಿಮೆ ಪಕ್ಷ. 40 ಲೀಟರ್ ಟ್ಯಾಂಕು ಕೂರಿಸಿ ಕೈತೊಳೆದುಕೊಂಡಿದ್ದರೆ ಫ್ಯಾನ್ ಇರುವ ಕೂಲರ್ ಹಾಕಿಸುವುದೇ ದಾರಿ. ಎಣ್ಣೆ 68ನೇ ಗ್ರೇಡಿನ ಹೈಡ್ರಾಲಿಕ್ ಎಣ್ಣೆಯೇ ಆಗಿರಲಿ; ಟ್ರ್ಯಾಕ್ಟರಿಗೆ ತಂದು ಉಳಿದ ಎಂಜಿನ್ ಎಣ್ಣೆ ಬೆರೆಸಬೇಡಿ. ಎಣ್ಣೆ ಹಾಲಿನಂತೆ ನೊರೆಗಟ್ಟಿದ್ದರೆ ಹೀರುವ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ. ಆ ಪೈಪಿಗೆ ಒಳಗೆ ತಂತಿ ಸುರುಳಿ ಇಲ್ಲದ ಮಾಮೂಲಿ ರಬ್ಬರ್ ಹಾಕಿರುತ್ತಾರೆ, ಬಿಸಿಯಾದಾಗ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಓಡುವಾಗಲೇ ನೋಡಿದರೆ ಕಣ್ಣಿಗೆ ಕಾಣುತ್ತದೆ. ಐದುನೂರು ರೂಪಾಯಿಯ ಪೈಪಿಗೆ ಪಂಪು ಬದಲಿಸಿದವರು ಇದ್ದಾರೆ.

ಇವೆಲ್ಲ ಸರಿಯಿದ್ದರೆ ಮಾತ್ರ ಒತ್ತಡ ಅಳೆಯಿರಿ. ಪಂಪಿನಿಂದ ವಾಲ್ವಿಗೆ ಹೋಗುವ ಸಾಲಿಗೆ 250 ಬಾರಿನ ಗೇಜ್ ಹಾಕಿ, ಬಕೆಟ್ ಪೂರ್ತಿ ಮಡಚಿ ಲಿವರ್ ಎರಡು ಸೆಕೆಂಡ್ ಹಿಡಿಯಿರಿ. ತಣ್ಣಗಿದ್ದಾಗಿನ ಅಂಕಿ, ಬಿಸಿಯಾದಾಗಿನ ಅಂಕಿ ಎರಡನ್ನೂ ಬರೆದುಕೊಳ್ಳಿ. ಎಲ್ಲ ಲಿವರಿಗೂ ಒಂದೇ ಥರ ಇಳಿದರೆ ಪಂಪು ಅಥವಾ ಮುಖ್ಯ ರಿಲೀಫ್ ವಾಲ್ವ್ (ಒತ್ತಡ ಮಿತಿ ಮೀರದಂತೆ ಎಣ್ಣೆ ಬಿಡುವ ವಾಲ್ವ್). ಒಂದೇ ಲಿವರಿಗೆ ಇಳಿದರೆ ಆ ಸಿಲಿಂಡರಿನ ಸೀಲು. ಪೈಪು ಬಿಚ್ಚುವ ಮುನ್ನ ಬಕೆಟ್ ನೆಲಕ್ಕಿಟ್ಟು, ಎಂಜಿನ್ ನಿಲ್ಲಿಸಿ, ಎಲ್ಲ ಲಿವರನ್ನೂ ನಾಲ್ಕು ಸಲ ಆಡಿಸಿ ಒತ್ತಡ ಬಿಡಬೇಕು. ಸೂಜಿಮೊನೆಯಷ್ಟು ಸೋರಿಕೆ ಹುಡುಕಲು ಬರಿಗೈ ಸವರಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ನೋವು ಕಾಣದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ಪ್ರಶ್ನೆ: ಹೊರದೇಶದಿಂದ ಬಂದ ಸೆಕೆಂಡ್ ಹ್ಯಾಂಡ್ ಮಿನಿ, ಮೀಟರಿನಲ್ಲಿ 2,900 ಗಂಟೆ. ಹೊಸದರ ಅರ್ಧ ಬೆಲೆ. ನೋಡುವಾಗ ಏನು ನೋಡಬೇಕು?
— ಪುತ್ತೂರು ತಾಲ್ಲೂಕು

ಉತ್ತರ: ಮೀಟರನ್ನು ಕೊನೆಗೆ ನೋಡಿ. ಹೋಗುವ ದಿನ ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹೇಳಿ, ಹೋದೊಡನೆ ಸೈಲೆನ್ಸರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡಲು ಮೊದಲೇ ಓಡಿಸಿದ್ದಾರೆ.

ಹೆಚ್ಚು ದುಡ್ಡು ತಿನ್ನುವುದು ಯಂತ್ರದ ಮೇಲಿನ ಮೈ ಕೂತು ತಿರುಗುವ ಮೇಜಿನ ಬೇರಿಂಗ್. ಬಕೆಟ್ ನೆಲಕ್ಕೊತ್ತಿ ಯಂತ್ರದ ಮುಂಭಾಗ ತುಸು ಏಳುವಂತೆ ಮಾಡಿಸಿ, ಇಳಿಸಿ, ಮತ್ತೆ ಎತ್ತಿಸಿ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲಿ ದೂರ ಕೂತು ಮೇಲಿನ ಮೈಗೂ ಕೆಳಗಿನ ಬಳೆಗೂ ನಡುವಿನ ಸಂದು ನೋಡಿ. ಸಂದು ಬಾಯಿ ಬಿಟ್ಟು ಮುಚ್ಚುವುದು ಬರಿಗಣ್ಣಿಗೇ ಕಂಡರೆ ಬೇರಿಂಗ್ ಮುಗಿದಿದೆ. ಆಮೇಲೆ ಬೂಮ್ ಬುಡ ಪಕ್ಕಕ್ಕೆ ವಾಲುವ ಕಡೆಯ ದೊಡ್ಡ ಪಿನ್: ಬಕೆಟ್ ಗಾಳಿಯಲ್ಲಿ ಇರಿಸಿ ಎಡಬಲಕ್ಕೆ ಚಿಕ್ಕದಾಗಿ ಆಡಿಸಿದರೆ ಟಕ್ ಟಕ್ ಸದ್ದು ಬರುತ್ತದೆಯೇ ಕೇಳಿ. ಹೊಸ ಬಣ್ಣ ಬಳಿದಿದ್ದರೆ ಬೂಮ್ ಮತ್ತು ಆರ್ಮಿನ ವೆಲ್ಡಿಂಗ್ ಸಾಲಿನ ಮೇಲೆ ಉಗುರಾಡಿಸಿ. ಮುಚ್ಚಿದ ಬಿರುಕು ಕೈಗೆ ಸಿಗುತ್ತದೆ.

ಬೂಮ್ ಎತ್ತಿ, ಸಿಲಿಂಡರ್ ರಾಡಿನ ಮೇಲೆ ಚಾಕಿನಲ್ಲಿ ಗುರುತು ಹಾಕಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕೆಳಗೆ ಯಾರೂ ನಿಲ್ಲಬಾರದು. ಒಂದೆರಡು ಸೆಂ.ಮೀ. ಜಾರಿದರೆ ಹಳೆ ಯಂತ್ರಕ್ಕೆ ಸಹಜ; ಕಣ್ಣೆದುರೇ ಇಳಿಯುತ್ತಿದ್ದರೆ ಸೀಲಿನ ಖರ್ಚು ಬೆಲೆಯಲ್ಲಿ ಕಳೆಯಿರಿ. ಸಮ ನೆಲದಲ್ಲಿ ಎರಡೂ ಲಿವರ್ ಒಟ್ಟಿಗೆ ಒತ್ತಿ ಇಪ್ಪತ್ತು ಮೀಟರ್ ಓಡಿಸಿ. ಒಂದು ಕಡೆಗೇ ಎಳೆದರೆ ಆ ಕಡೆಯ ಬೆಲ್ಟ್ ಓಡಿಸುವ ಟ್ರಾವೆಲ್ ಮೋಟಾರ್ ಸವೆದಿದೆ, ಅಥವಾ ಬೆಲ್ಟಿನ ಬಿಗಿ ಎರಡು ಕಡೆ ಬೇರೆಬೇರೆ. ಬೆಲ್ಟ್ ನೆಲ ಬಿಡುವಂತೆ ಎತ್ತಿದಾಗ ನಡುವಿನ ರೋಲರಿಗೂ ಬೆಲ್ಟಿಗೂ 10–15 ಮಿ.ಮೀ. ಸಂದು ಇರಬೇಕು. ರಬ್ಬರಿನ ಬಿರುಕಿನಲ್ಲಿ ಉಕ್ಕಿನ ತಂತಿ ಇಣುಕಿದ್ದರೆ ಬೆಲ್ಟಿನ ಆಯಸ್ಸು ಮುಗಿಯಿತು. ನಿಮ್ಮ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಕಲ್ಲಿನ ಅಂಚು ಬ್ಲೇಡಿನಂತೆ ಕೊಯ್ಯುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಈಗ ಮೀಟರ್. ಪೆಡಲಿನ ರಬ್ಬರ್ ಬೋಳಾಗಿ, ಸೀಟು ಹರಿದು, ಬಕೆಟ್ ಪಿನ್ನು ಜೋಲಾಡುತ್ತಿದ್ದರೆ 2,900 ಎಂಬುದನ್ನು ನಂಬಬೇಡಿ. ಕಾಗದಪತ್ರದಲ್ಲಿ ಆಮದಿನ ಕಸ್ಟಮ್ಸ್ ದಾಖಲೆ ಮತ್ತು ಪ್ಲೇಟಿನ ಮೇಲಿನ ಸೀರಿಯಲ್ ನಂಬರ್ ಎರಡೂ ತಾಳೆಯಾಗಬೇಕು. ಆ ನಂಬರ್ ಕೊಟ್ಟು ಫಿಲ್ಟರ್, ಬೆಲ್ಟ್, ಸೀಲ್ ಕಿಟ್ ಇಲ್ಲಿ ಸಿಗುತ್ತದೆಯೇ ಎಂದು ಬಿಡಿಭಾಗದ ಅಂಗಡಿಯಲ್ಲಿ ಮೊದಲೇ ಕೇಳಿ. ಬೇರೆ ದೇಶದ ಮಾರುಕಟ್ಟೆಗೆ ಮಾಡಿದ ಮಾದರಿಗೆ ಇಲ್ಲಿನ ಭಾಗ ಕೂರದೆ ತಿಂಗಳುಗಟ್ಟಲೆ ನಿಂತ ಯಂತ್ರಗಳು ಕಡಿಮೆಯೇನಿಲ್ಲ.

ಪ್ರಶ್ನೆ: ಎರೆ ಭೂಮಿಯಲ್ಲಿ 15×15×3 ಮೀಟರ್ ಕೃಷಿ ಹೊಂಡ. ಊರಲ್ಲಿ ಟ್ರ್ಯಾಕ್ಟರ್ ಬ್ಯಾಕ್‌ಹೋ, 3.5 ಟನ್ ಮಿನಿ ಎರಡೂ ಬಾಡಿಗೆಗಿವೆ. ಯಾವುದು?
— ನರಗುಂದ ತಾಲ್ಲೂಕು

ಉತ್ತರ: ಎರಡೂ ಬೇಡ. ಎರೆ ಮಣ್ಣಿಗೆ ದಡದ ಇಳಿಜಾರು ಒಂದಕ್ಕೆ ಒಂದೂವರೆ (ಒಂದು ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಒಳಕ್ಕೆ) ಇಟ್ಟರೆ ಮೇಲೆ 15 ಮೀಟರ್, ತಳದಲ್ಲಿ 6 ಮೀಟರ್. ತೆಗೆಯಬೇಕಾದ ಮಣ್ಣು 351 ಘನ ಮೀಟರ್. ಮಿನಿ ಗಂಟೆಗೆ 12 ಘನ ಮೀಟರ್ ತೆಗೆದರೆ 30 ಗಂಟೆ. ಆದರೆ ಅದರ ಕೈ ಐದು ಮೀಟರ್ ಆಸುಪಾಸು. ನಡುವಿನ ಮಣ್ಣು ಒಂದೇ ಎತ್ತಿಗೆ ಹೊರಗೆ ಬೀಳದೆ ಎರಡು ಸಲ ಸಾಗಿಸಬೇಕು, ಅಲ್ಲಿಗೆ 45 ಗಂಟೆ. ಬ್ಯಾಕ್‌ಹೋಗೆ ಆ ಆಳವೇ ಸಿಗುವುದಿಲ್ಲ. 13–14 ಟನ್ನಿನ ದೊಡ್ಡ ಹಿಟಾಚಿ ಗಂಟೆಗೆ 50 ಘನ ಮೀಟರ್ ಎತ್ತುತ್ತದೆ, ಏಳೆಂಟು ಗಂಟೆಯಲ್ಲಿ ಮುಗಿಯಿತು. ಬಾಡಿಗೆ ದುಪ್ಪಟ್ಟಾದರೂ ಲಾಭ. ಏರಿಯ ಮಣ್ಣನ್ನು ಹೊಂಡದ ಅಂಚಿನಿಂದ ಒಂದು ಮೀಟರಾದರೂ ಬಿಟ್ಟು ಹಾಕಿಸಿ. ನೆಲ ಹಸಿ ಇದ್ದಾಗ ತೋಡಿಸಬೇಡಿ. ಪ್ಲಾಸ್ಟಿಕ್ ಹಾಳೆ ಹೊದಿಸುವ ಮುಂಚೆ ದಡ ಸವರಿ ನುಣುಪು ಮಾಡಲು ಮಾತ್ರ ಮಿನಿಯನ್ನು ಬೋಳು ಬಕೆಟ್ಟಿನೊಂದಿಗೆ ಎರಡು ಗಂಟೆ ಕರೆಸಿದರೆ ಹಾಳೆ ತೂತು ಬೀಳುವುದು ತಪ್ಪುತ್ತದೆ.

ಪ್ರಶ್ನೆ: ಕಾಫಿ ತೋಟದ ಇಳಿಜಾರಿನಲ್ಲಿ ಮಿನಿ ಎಷ್ಟು ಸುರಕ್ಷಿತ?
— ಸೋಮವಾರಪೇಟೆ ತಾಲ್ಲೂಕು

ಉತ್ತರ: ಟ್ರ್ಯಾಕ್ಟರಿಗಿಂತ ಸುರಕ್ಷಿತ, ಅಷ್ಟೇ. ಆರು ಅಡಿ ಅಂತರದ ಅರೇಬಿಕಾ ಸಾಲಿಗೆ ಯಾವ ಯಂತ್ರವೂ ಇಳಿಯದು. ರೋಬಸ್ಟಾದಲ್ಲೂ ತೋಟದ ರಸ್ತೆ, ಚರಂಡಿ, ತೊಟ್ಟಿಲು ಗುಂಡಿಯ (ಮಳೆನೀರು ಇಂಗಿಸುವ ಗುಂಡಿ) ಕೆಲಸಕ್ಕೆ ಸೀಮಿತವಾಗಿರಲಿ. ಇಳಿಜಾರಿಗೆ ಅಡ್ಡಡ್ಡ ಓಡಿಸಬಾರದು, ನೇರ ಹತ್ತಬೇಕು, ನೇರ ಇಳಿಯಬೇಕು, ಬಕೆಟ್ ನೆಲದಿಂದ ಒಂದಡಿ ಎತ್ತರದಲ್ಲಿ ಮುಂದಿರಬೇಕು. ನಿಂತು ತೋಡುವಾಗ ಮುಂದಿನ ಬ್ಲೇಡನ್ನು ಇಳಿಜಾರಿನ ಕೆಳಬದಿಗೆ ಊರಿ, ತುಂಬಿದ ಬಕೆಟ್ಟನ್ನು ಮೇಲ್ಬದಿಗೆ ತಿರುಗಿಸಿ ಸುರಿಯಬೇಕು. ಕೆಳಬದಿಗೆ ತಿರುಗಿಸುವಾಗಲೇ ಯಂತ್ರ ಮಗುಚುವುದು. ನೆಲ ವಾಲಿದ್ದರೆ ಮೊದಲು ಯಂತ್ರ ನಿಲ್ಲುವಷ್ಟು ಮಟ್ಟು ಕಡಿದುಕೊಂಡು ಆಮೇಲೆ ಕೆಲಸ. ಹೊಸದಾಗಿ ಮಣ್ಣು ತುಂಬಿದ ಮಟ್ಟಿನ ಅಂಚಿಗೆ ಹೋಗಬೇಡಿ. ತಲೆಯ ಮೇಲೆ ಕ್ಯಾನೊಪಿ ಇದ್ದರೆ ಸೀಟ್ ಬೆಲ್ಟ್ ಕಟ್ಟಿಯೇ ಕೂರಬೇಕು. ಮಗುಚುವಾಗ ಹೊರಗೆ ಜಿಗಿಯಲು ಹೋದವರ ಮೇಲೆಯೇ ಅದು ಬೀಳುತ್ತದೆ.

ಪ್ರಶ್ನೆ: ಸ್ವಂತ ಬ್ಯಾಕ್‌ಹೋವನ್ನು ಊರವರಿಗೆ ಬಾಡಿಗೆಗೆ ಓಡಿಸಬಹುದೇ? ಮಿನಿಯನ್ನು ನಮ್ಮ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಸಾಗಿಸಬಹುದೇ?
— ಸಿದ್ದಾಪುರ ತಾಲ್ಲೂಕು

ಉತ್ತರ: ಕೃಷಿ ಬಳಕೆಗೆಂದು ನೋಂದಾಯಿಸಿದ ಟ್ರ್ಯಾಕ್ಟರಿನ ವಿಮೆಯೂ ಕೃಷಿ ಬಳಕೆಗೇ ಸೀಮಿತ. ಸೈಟು, ರಸ್ತೆ ಕೆಲಸಕ್ಕೆ ಬಾಡಿಗೆಗೆ ಹೋದಾಗ ಅವಘಡವಾದರೆ ಕ್ಲೇಮು ತಳ್ಳಿಹಾಕಲು ಅಷ್ಟು ಸಾಕು. ಬಾಡಿಗೆಗೆ ಓಡಿಸುವುದೇ ಇರಾದೆಯಾದರೆ ಕಟ್ಟಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಅದಕ್ಕೆ ತಕ್ಕ ನೋಂದಣಿ, ಪಾಲಿಸಿ ಮಾಡಿಸಿಕೊಳ್ಳಿ.

1.7 ಟನ್ನಿನ ಮಿನಿ ಐದು ಟನ್ನಿನ ಟ್ರೈಲರಿಗೆ ಭಾರವಲ್ಲ. ತೊಂದರೆ ಹತ್ತಿಸುವಾಗ. ಹಲಗೆಯ ಇಳಿಜಾರು 15 ಡಿಗ್ರಿ ದಾಟಬಾರದು; ಟ್ರೈಲರ್ ಒಂದು ಮೀಟರ್ ಎತ್ತರವಿದ್ದರೆ ಹಲಗೆ ನಾಲ್ಕು ಮೀಟರ್ ಉದ್ದ ಬೇಕು. ಮರದ ಹಲಗೆ ಬೇಡ, ಮೇಲ್ಮೈಯಲ್ಲಿ ಅಡ್ಡಪಟ್ಟಿ ಇರುವ ಉಕ್ಕಿನ ಹಲಗೆ, ಟ್ರೈಲರಿಗೆ ಕೊಕ್ಕೆ ಹಾಕಿ ಸಿಕ್ಕಿಸುವಂಥದ್ದು. ಟ್ರೈಲರಿನ ಹಿಂಭಾಗದ ಅಡಿಗೆ ದಿಮ್ಮಿ ಕೊಡದಿದ್ದರೆ ಯಂತ್ರ ತುದಿಗೆ ಬಂದ ಕ್ಷಣ ಟ್ರ್ಯಾಕ್ಟರಿನ ಕೊಂಡಿಯೇ ಮೇಲೇಳುತ್ತದೆ. ಹಲಗೆಯ ಮೇಲೆ ದಿಕ್ಕು ತಿದ್ದಬೇಡಿ. ವಾರೆಯಾದರೆ ಕೆಳಗಿಳಿಸಿ ಮತ್ತೆ ನೇರ ಮಾಡಿಕೊಂಡು ಹತ್ತಿಸಿ. ಭಾರ ಟ್ರೈಲರಿನ ಆಕ್ಸಲಿಗಿಂತ ತುಸು ಮುಂದೆ ಕೂರಲಿ. ಬ್ಲೇಡ್, ಬಕೆಟ್ ಎರಡನ್ನೂ ಟ್ರೈಲರಿನ ತಳಕ್ಕೆ ಒತ್ತಿ, ಮೈ ತಿರುಗದಂತೆ ಲಾಕ್ ಪಿನ್ ಹಾಕಿ, ನಾಲ್ಕು ಮೂಲೆಗೆ ಸರಪಳಿ ಬಿಗಿಯಿರಿ. ಹಗ್ಗ ಸಾಲದು. ಹೊರಟು ಎರಡು-ಮೂರು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ನೋಡಿದರೆ ಸರಪಳಿ ಒಂದೆರಡು ಹಲ್ಲು ಸಡಿಲಾಗಿಯೇ ಇರುತ್ತದೆ, ಮತ್ತೆ ಬಿಗಿಯಿರಿ. ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಘಟ್ಟದ ದಾರಿಯಲ್ಲಿ ಸಾಗಿಸುವ ಯೋಚನೆ ಬಿಟ್ಟು, ಸಣ್ಣ ಲಾರಿ ಗೊತ್ತುಮಾಡಿ.